ಆವಾಜ್ ಬೇರೆ, ಶೋರ್ ಬೇರೆ

ನಮ್ಮ ಕಾಲೇಜಿನಲ್ಲಿ ಹಳೆ ಬೈಕಿನ ಹುಚ್ಚು ಹಿಡಿದವರು ಕಡಿಮೆಯೇನಿಲ್ಲ. ಕ್ರಿಕೆಟ್ ಬಿಟ್ಟರೆ ಕ್ಯಾಂಟೀನಿನಲ್ಲಿ ಅತಿ ಹೆಚ್ಚು ಚರ್ಚೆಯಾಗುವುದು ಆರ್‌ಎಕ್ಸ್ 100, ಯೆಜ್ಡಿ ಮತ್ತು ಹಳೆ ಬುಲೆಟ್. ಯಾರ ಚಾಚಾ ಹತ್ತಿರ ಯಾವ ಗಾಡಿ ಇದೆ, ಅದು ಯಾವ ವರ್ಷದ್ದು, ಯಾವ ಮೆಕ್ಯಾನಿಕ್ ಸೈಲೆನ್ಸರ್ ಓಪನ್ ಮಾಡಿಕೊಡುತ್ತಾನೆ ಎಂಬ ಸುದ್ದಿ ಅಕೌಂಟೆನ್ಸಿ ನೋಟ್ಸ್‌ಗಿಂತ ಬೇಗ ಹರಡುತ್ತದೆ. ನಾನೂ ಆ ಗುಂಪಿನವನೇ. ಆದ್ದರಿಂದ ಇದನ್ನು ಬೈಕ್ ಇಷ್ಟವಿಲ್ಲದವನ ಉಪದೇಶ ಎಂದು ಓದಬೇಡಿ. ನಾನು ಹೇಳಬೇಕಾದದ್ದು ಇಷ್ಟೇ: ಹಳೆ ಬೈಕನ್ನು ನಿಜವಾಗಿ ಪ್ರೀತಿಸುವವನು ಸದ್ದಿಗಾಗಿ ಅದರ ಸೈಲೆನ್ಸರ್ ಬದಲಿಸಬಾರದು. ಜೊತೆಗೆ, ಈ ವಿಷಯದಲ್ಲಿ ತಪ್ಪೆಲ್ಲ ಹುಡುಗರದೇ ಎನ್ನುವವರ ಲೆಕ್ಕವೂ ಪೂರ್ತಿಯಾಗಿಲ್ಲ.

ಮೊದಲು ಗಾಡಿಗಳ ವಿಷಯ. ಯಮಹಾ ಆರ್‌ಎಕ್ಸ್ 100 ನಮ್ಮ ದೇಶದ ರಸ್ತೆಗೆ ಬಂದದ್ದು 1985ರಲ್ಲಿ. ಎಂಜಿನ್ ಬರೀ 98 ಸಿಸಿ, ಆದರೆ ಶಕ್ತಿ 11 ಅಶ್ವಶಕ್ತಿ. ಹಗುರವಾದ ಗಾಡಿಗೆ ಅಷ್ಟು ಶಕ್ತಿ ಸಿಕ್ಕಿದ್ದರಿಂದಲೇ ಅದಕ್ಕೆ ಅಷ್ಟು ಹೆಸರು. ಯೆಜ್ಡಿಯಂತೂ ನಮ್ಮ ರಾಜ್ಯದ್ದೇ ಗಾಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಬೈಕುಗಳು ತಯಾರಾದವು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. ಒಂದೇ ಸಿಲಿಂಡರ್, ಆದರೆ ಎರಡು ಬದಿಗೆ ಎರಡು ಸೈಲೆನ್ಸರ್. ಆ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ 1996ರಲ್ಲಿ. ಈ ಲೇಖನ ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಒಬ್ಬರೂ ಆಗ ಹುಟ್ಟಿರಲಿಲ್ಲ. ಅಂದರೆ ಇವತ್ತು ಮಾಗಡಿ ರಸ್ತೆಯಲ್ಲೋ ವಿಜಯನಗರದಲ್ಲೋ ಓಡುತ್ತಿರುವ ಪ್ರತಿಯೊಂದು ಆರ್‌ಎಕ್ಸ್ 100 ನಮ್ಮೆಲ್ಲರಿಗಿಂತ ವಯಸ್ಸಿನಲ್ಲಿ ಹಿರಿಯದು. ಹಿರಿಯರಿಗೆ ಕೊಡುವ ಮರ್ಯಾದೆಯನ್ನು ಅದಕ್ಕೂ ಕೊಡೋಣ.

ಈಗ ಸೈಲೆನ್ಸರ್ ಏನು ಕೆಲಸ ಮಾಡುತ್ತದೆ ಎಂದು ನೋಡೋಣ. ಹೆಸರು ಸೈಲೆನ್ಸರ್ ಎಂದಿರುವುದರಿಂದ ಅದರ ಕೆಲಸ ಸದ್ದು ಅಡಗಿಸುವುದಷ್ಟೇ ಎಂದು ನಾವು ತಿಳಿದಿದ್ದೇವೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಅದಕ್ಕೆ ಇನ್ನೊಂದು ಕೆಲಸವೂ ಇದೆ. ಈ ಎಂಜಿನ್ನಿನಲ್ಲಿ ಹೊಗೆ ಹೊರಗೆ ಹೋಗುವ ದಾರಿ ಮತ್ತು ಹೊಸ ಪೆಟ್ರೋಲ್ ಮಿಶ್ರಣ ಒಳಗೆ ಬರುವ ದಾರಿ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಹಾಗಾಗಿ ಒಳಗೆ ಬಂದ ಹೊಸ ಮಿಶ್ರಣದ ಸ್ವಲ್ಪ ಭಾಗ ಉರಿಯದೇ ಹೊಗೆಯ ಜೊತೆ ಹೊರಗೆ ಹೋಗಿಬಿಡುತ್ತದೆ. ಸೈಲೆನ್ಸರಿನ ಕೊಳವೆ ಎಲ್ಲಿ ಅಗಲವಾಗಬೇಕು, ಎಲ್ಲಿ ಕಿರಿದಾಗಬೇಕು ಎಂಬುದನ್ನು ಸರಿಯಾಗಿ ಲೆಕ್ಕ ಹಾಕಿ ಮಾಡಿದ್ದರೆ, ಒಳಗಿನ ಒತ್ತಡದ ಅಲೆ ಹಿಂದಕ್ಕೆ ತಿರುಗಿ ಬಂದು ಆ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಆಗ ಪೆಟ್ರೋಲ್ ಉಳಿಯುತ್ತದೆ, ಶಕ್ತಿಯೂ ಸಿಗುತ್ತದೆ. ಅಂದರೆ ಟೂ ಸ್ಟ್ರೋಕ್ ಗಾಡಿಯಲ್ಲಿ ಸೈಲೆನ್ಸರ್ ಎಂಜಿನ್ನಿಗೆ ಅಂಟಿಸಿದ ಅಲಂಕಾರವಲ್ಲ, ಅದು ಎಂಜಿನ್ನಿನ ಭಾಗವೇ.

ಈ ವಿದ್ಯೆ ಸುಮ್ಮನೆ ಬಂದದ್ದಲ್ಲ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ವರ್ಷಗಟ್ಟಲೆ ಪ್ರಯೋಗ ಮಾಡಿ ಇದನ್ನು ರೇಸಿನ ಬೈಕುಗಳಿಗೆ ಅಳವಡಿಸಿದರು. 1961ರಲ್ಲಿ ಅದೇ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಜಪಾನಿನ ಸುಜುಕಿ ಕಂಪನಿ ಸೇರಿದ. ಮರುವರ್ಷವೇ ಸುಜುಕಿಗೆ 50 ಸಿಸಿ ವಿಭಾಗದ ವಿಶ್ವ ಚಾಂಪಿಯನ್ ಪಟ್ಟ ತಂದುಕೊಟ್ಟ. ಒಂದು ಪೈಪಿನ ಆಕಾರದ ಗುಟ್ಟಿಗೆ ಅಷ್ಟು ಬೆಲೆ ಇತ್ತು. ಅಂಥ ಲೆಕ್ಕಾಚಾರದಿಂದ ಬಂದ ಪೈಪನ್ನು ನಾವು ಹತ್ತು ನಿಮಿಷದಲ್ಲಿ ಗ್ರೈಂಡರ್ ಹಿಡಿದು ಕತ್ತರಿಸಿ, ಈಗ ಪಿಕಪ್ ಜಾಸ್ತಿ ಆಯಿತು ನೋಡು ಎನ್ನುತ್ತೇವೆ.

ನಿಜಕ್ಕೂ ಜಾಸ್ತಿ ಆಗುತ್ತದೆಯೇ? ಆರ್‌ಎಕ್ಸ್ 100 ಸೈಲೆನ್ಸರಿನ ಹಿಂಬದಿಯಲ್ಲಿ ತೂತುಗಳಿರುವ ಒಂದು ಕೊಳವೆ ಇರುತ್ತದೆ. ಅದೇ ಬ್ಯಾಫಲ್. ಸದ್ದು ಕಡಿಮೆ ಮಾಡುವ ಮುಖ್ಯ ಕೆಲಸ ಅದರದ್ದು. ಅದನ್ನು ತೆಗೆದರೆ ಸದ್ದು ಖಂಡಿತ ಹೆಚ್ಚುತ್ತದೆ. ಆದರೆ ಕಂಪನಿ ಕಾರ್ಬ್ಯುರೇಟರನ್ನು ಹೊಂದಿಸಿರುವುದು ಬ್ಯಾಫಲ್ ಇರುವ ಸೈಲೆನ್ಸರಿಗೆ. ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ತಪ್ಪುತ್ತದೆ. ಕಡಿಮೆ ವೇಗದಲ್ಲಿ ಎಳೆತ ಬೀಳುತ್ತದೆ, ಮೈಲೇಜ್ ಇಳಿಯುತ್ತದೆ. ಪೆಟ್ರೋಲ್ ಕಡಿಮೆಯಾಗಿ ಗಾಳಿ ಜಾಸ್ತಿಯಾದರೆ ಎಂಜಿನ್ ಅತಿಯಾಗಿ ಬಿಸಿಯಾಗಿ ಪಿಸ್ಟನ್ ಸೀಜ್ ಆಗುವ ಅಪಾಯವೂ ಇದೆ. ಮೂವತ್ತು ವರ್ಷ ಬಾಳಿದ ಎಂಜಿನ್ನಿಗೆ ಬೋರ್ ಮಾಡಿಸುವ ಖರ್ಚು ಎಷ್ಟೆಂದು ಮನೆಯಲ್ಲಿ ಹಳೆ ಗಾಡಿ ಇರುವವರಿಗೆ ಗೊತ್ತು. ಕಿವಿಗೆ ಸದ್ದು ಜಾಸ್ತಿ ಕೇಳುವುದರಿಂದ ಗಾಡಿ ಜೋರಾಗಿ ಓಡುತ್ತಿದೆ ಎಂದು ನಮಗೆ ಅನ್ನಿಸುತ್ತದೆ, ಅಷ್ಟೇ.

ನನ್ನ ಮಾಮು ಹತ್ತಿರ 1994ರ ಆರ್‌ಎಕ್ಸ್ 100 ಇದೆ. ಅವರು ಬ್ಯಾಫಲನ್ನು ಆಗಾಗ ಹೊರಗೆ ತೆಗೆಯುತ್ತಾರೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಆಯಿಲ್ ಕೂಡ ಪೆಟ್ರೋಲಿನ ಜೊತೆ ಉರಿಯುವುದರಿಂದ ಬ್ಯಾಫಲಿನ ತೂತುಗಳಲ್ಲಿ ಕಪ್ಪು ಕಾರ್ಬನ್ ಕಟ್ಟುತ್ತದೆ. ಅದನ್ನು ಸುಟ್ಟು, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸ್ವಚ್ಛ ಮಾಡಿ ಮತ್ತೆ ಅದೇ ಜಾಗದಲ್ಲಿ ಕೂರಿಸುತ್ತಾರೆ. ಕೂಡಲೇ ಗಾಡಿಗೆ ಹೊಸ ಉಸಿರು ಬಂದಂತಾಗುತ್ತದೆ. ಪಿಕಪ್ ಬೇಕಾದವರು ಮಾಡಬೇಕಾದ ಕೆಲಸ ಇದು. ಕಂಪನಿಯೇ ಬ್ಯಾಫಲನ್ನು ಬಿಚ್ಚಲು ಬರುವ ಹಾಗೆ ಕೊಟ್ಟಿರುವುದು ಶುಚಿ ಮಾಡಲೆಂದು, ಬಿಸಾಡಲೆಂದು ಅಲ್ಲ.

ನಮ್ಮ ಮನೆಯ ಭಾಷೆಯಲ್ಲಿ ಇದಕ್ಕೆ ಎರಡು ಪದಗಳಿವೆ: ಆವಾಜ್ ಮತ್ತು ಶೋರ್. ಆವಾಜ್ ಎಂದರೆ ದನಿ. ಮನುಷ್ಯನಿಗೂ ಇರುತ್ತದೆ, ವಾದ್ಯಕ್ಕೂ ಇರುತ್ತದೆ. ಶೋರ್ ಎಂದರೆ ಗದ್ದಲ. ಮಾಮು ಬೈಕ್ ಬೀದಿಯ ತಿರುವಿನಲ್ಲಿ ಬಂದರೆ ದಾದಿ ಒಳಗಿನಿಂದಲೇ ಅದು ಯಾರೆಂದು ಹೇಳುತ್ತಾರೆ. ಅದಕ್ಕೆ ಅದರದ್ದೇ ದನಿ ಇದೆ. ಬ್ಯಾಫಲ್ ಕಿತ್ತ ಬೈಕುಗಳೆಲ್ಲ ಒಂದೇ ಥರ ಕಿರುಚುತ್ತವೆ. ಆರ್‌ಎಕ್ಸ್ ಯಾವುದು, ಬೇರೆ ಗಾಡಿ ಯಾವುದು ಎಂದೂ ತಿಳಿಯುವುದಿಲ್ಲ. ನಮ್ಮ ಗಾಡಿ ಎಲ್ಲರ ಗಾಡಿಯ ಥರ ಇರಬಾರದು ಎಂದು ಹೊರಟವರು ಕೊನೆಗೆ ಎಲ್ಲರ ಥರವೇ ಆಗುತ್ತಾರೆ.

ವಾಣಿಜ್ಯ ವಿಭಾಗದವನಾಗಿ ಸ್ವಲ್ಪ ಲೆಕ್ಕವನ್ನೂ ಮಾತಾಡುತ್ತೇನೆ. ವಾಹನ ಎಂಬ ಸ್ವತ್ತಿಗೆ ಪ್ರತಿ ವರ್ಷ ಸವಕಳಿ ಹಾಕಬೇಕು ಎಂದು ನಮಗೆ ಪಾಠದಲ್ಲಿ ಕಲಿಸುತ್ತಾರೆ. ಆರ್‌ಎಕ್ಸ್ 100 ಆ ಅಧ್ಯಾಯವನ್ನು ಓದಿಲ್ಲ. ಚೆನ್ನಾಗಿ ಇಟ್ಟುಕೊಂಡಿರುವ ಗಾಡಿಗೆ ಹೊಸದಾಗಿದ್ದಾಗ ಕೊಟ್ಟ ಹಣಕ್ಕಿಂತ ಎಷ್ಟೋ ಹೆಚ್ಚು ಬೆಲೆ ಇವತ್ತು ಸಿಗುತ್ತದೆ. ಆದರೆ ಕೊಳ್ಳುವವರು ಮೊದಲು ಕೇಳುವುದೇ ಎಲ್ಲ ಒರಿಜಿನಲ್ ಇದೆಯೇ ಎಂದು. ಕೆಲವು ಸಾವಿರ ರೂಪಾಯಿ ಖರ್ಚು ಮಾಡಿ ಬೇರೆ ಸೈಲೆನ್ಸರ್ ಹಾಕಿಸಿ, ಹಳೆಯದನ್ನು ಗುಜರಿಗೆ ಹಾಕಿದವರು ತಮ್ಮ ಹಣದಿಂದಲೇ ತಮ್ಮ ಸ್ವತ್ತಿನ ಬೆಲೆ ಇಳಿಸಿಕೊಂಡರು. ಖರ್ಚೂ ಆಯಿತು, ನಷ್ಟವೂ ಆಯಿತು. ಜಮಾ ಬದಿಯಲ್ಲಿ ಬರೆಯಲು ಏನೂ ಉಳಿಯಲಿಲ್ಲ.

ಇನ್ನು ಕಾನೂನು. ಇದನ್ನು ನಮ್ಮಲ್ಲಿ ಯಾರೂ ಪೂರ್ತಿ ಓದುವುದಿಲ್ಲ. ಸಿಕ್ಕಿಬಿದ್ದರೆ ಐನೂರು ಕೊಟ್ಟರೆ ಆಯಿತು ಎಂಬ ನಂಬಿಕೆ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದ ಪ್ರಕಾರ ಪ್ರತಿ ವಾಹನಕ್ಕೂ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯನ್ನು 2019ರಲ್ಲಿ ತಿದ್ದುಪಡಿ ಮಾಡಿದ ನಂತರ ಶಿಕ್ಷೆ ಹೆಚ್ಚಾಗಿದೆ. 190ನೇ ಸೆಕ್ಷನ್ ಪ್ರಕಾರ ಶಬ್ದ ಮತ್ತು ಹೊಗೆಯ ಮಿತಿ ಮೀರಿದ ಗಾಡಿ ಓಡಿಸಿದವರಿಗೆ ಮೊದಲ ಸಲವೇ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮೂರು ತಿಂಗಳು ಲೈಸೆನ್ಸ್ ಕೂಡ ಹೋಗುತ್ತದೆ. ಕಾನೂನಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಿದ ಮಾಲೀಕನಿಗೆ 182ಎ ಸೆಕ್ಷನ್ನಿನಲ್ಲಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಇದೆ. ಕಂಪನಿ ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಇದಕ್ಕಿಂತ ದೊಡ್ಡ ವಿಷಯ ನಮ್ಮ ವಯಸ್ಸಿನದು. ನನಗೆ ಹದಿನೇಳು. ನಮ್ಮಲ್ಲಿ ಹೆಚ್ಚಿನವರಿಗೂ ಅಷ್ಟೇ. ಗೇರ್ ಇರುವ ಬೈಕಿಗೆ ಲೈಸೆನ್ಸ್ ಸಿಗಲು ಹದಿನೆಂಟು ತುಂಬಬೇಕು. ನಾವು ಈಗ ಆರ್‌ಎಕ್ಸ್ ಓಡಿಸಿ ಸಿಕ್ಕಿಬಿದ್ದರೆ 199ಎ ಸೆಕ್ಷನ್ ಪ್ರಕಾರ ತಂದೆ ತಾಯಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗೆ ಜೈಲು ಶಿಕ್ಷೆ ಆಗಬಹುದು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಆಟೋ ಓಡಿಸಿಯೋ, ಅಂಗಡಿಯಲ್ಲಿ ದುಡಿದೋ ನಮ್ಮ ಫೀಸು ಕಟ್ಟುವ ಅಬ್ಬಾಗೆ 25,000 ಎಂದರೆ ಎಷ್ಟು ತಿಂಗಳ ಉಳಿತಾಯ ಎಂದು ಒಮ್ಮೆ ಲೆಕ್ಕ ಹಾಕಿ. ಬ್ಯಾಫಲ್ ಇಲ್ಲದ ಗಾಡಿ ಎರಡು ಬೀದಿ ಆಚೆಯಿಂದಲೇ ಪೊಲೀಸರಿಗೆ ನಾನಿದ್ದೇನೆ ಎಂದು ಕೂಗಿ ಹೇಳುತ್ತದೆ.

ಕಾನೂನು ಬದಿಗಿರಲಿ, ನೆರೆಯವರ ಮಾತಿಗೆ ಬರೋಣ. ಹೊಸ ಬೈಕುಗಳಿಗೆ ಎಂಜಿನ್ ಗಾತ್ರಕ್ಕೆ ತಕ್ಕಂತೆ 75ರಿಂದ 80 ಡೆಸಿಬೆಲ್ ಮಿತಿ ಇದೆ. ಡೆಸಿಬೆಲ್ ಲೆಕ್ಕ ನಮ್ಮ ಸಾಮಾನ್ಯ ಕೂಡುವ ಲೆಕ್ಕದಂತಲ್ಲ. ಹತ್ತು ಡೆಸಿಬೆಲ್ ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟು ಆಗುತ್ತದೆ, ಇಪ್ಪತ್ತು ಹೆಚ್ಚಾದರೆ ನೂರು ಪಟ್ಟು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ದಾಟಬಾರದು. ಆಸ್ಪತ್ರೆ, ಶಾಲೆ ಕಾಲೇಜು ಮತ್ತು ನ್ಯಾಯಾಲಯಗಳ ಸುತ್ತ 100 ಮೀಟರ್ ಶಾಂತ ವಲಯ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ಗಾಡಿ ಕಿರುಚಿಸಿಕೊಂಡು ಹೋಗುವವನಿಗೆ ಒಳಗೆ ಮಲಗಿರುವವರು ಕಾಣುವುದಿಲ್ಲ. ನಾವು ವಾಸಿಸುವ ಬೀದಿಗಳು ಹೇಗಿವೆ ಎಂದು ನಿಮಗೇ ಗೊತ್ತು. ಎದುರು ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ನಮ್ಮ ಮನೆಯಲ್ಲಿ ಎಣಿಸಬಹುದು. ಅಂಥ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಒಂದು ಬೈಕ್ ಹೋದರೆ ಎಚ್ಚರವಾಗುವುದು ಒಂದು ಮನೆಯಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರು, ಎಳೆಯ ಮಗುವನ್ನು ಈಗಷ್ಟೇ ಮಲಗಿಸಿದ ತಾಯಿ, ಬೋರ್ಡ್ ಪರೀಕ್ಷೆಗೆ ಓದುತ್ತಿರುವ ನಮ್ಮದೇ ಸಹಪಾಠಿ, ಎಲ್ಲರೂ ಆ ಬೀದಿಯಲ್ಲೇ ಇದ್ದಾರೆ.

ದ್ವಿತೀಯ ಪಿಯು ಅರ್ಥಶಾಸ್ತ್ರದಲ್ಲಿ ಬಾಹ್ಯತೆ ಎಂಬ ಪಾಠ ಇದೆ. ಒಬ್ಬರು ಮಾಡಿದ ಕೆಲಸದ ನಷ್ಟ ಇನ್ನೊಬ್ಬರ ಮೇಲೆ ಬೀಳುತ್ತದೆ, ಆದರೆ ಅದಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಕಾರ್ಖಾನೆ ನದಿಗೆ ಕೊಳಕು ನೀರು ಬಿಡುವುದನ್ನು ಉದಾಹರಣೆಯಾಗಿ ಬರೆದು ಅಂಕ ಪಡೆಯುತ್ತೇವೆ. ಅದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಪಾರ್ಕಿಂಗಿನಲ್ಲೇ ನಿಂತಿದೆ. ಜೋರು ಸೈಲೆನ್ಸರ್ ಮಾರಾಟವಾದದ್ದು ಜಿಡಿಪಿಗೆ ಸೇರುತ್ತದೆ. ಬೀದಿಯವರ ನಿದ್ದೆ ಕೆಟ್ಟದ್ದು ಎಲ್ಲಿಯೂ ದಾಖಲಾಗುವುದಿಲ್ಲ.

ನನ್ನ ಆಪಾ ಇನ್ನೊಂದು ಮಾತು ಹೇಳುತ್ತಾರೆ. ಬಸ್ ಸ್ಟಾಪಿನಲ್ಲಿ ಹುಡುಗಿಯರು ನಿಂತಿರುವಾಗ ಹತ್ತಿರ ಬಂದು ಎಕ್ಸಲರೇಟರ್ ತಿರುಚಿ ಸೈಲೆನ್ಸರ್ ಪಟಪಟ ಅನ್ನಿಸುವವರು ತಾವು ಹೀರೋ ಎಂದುಕೊಳ್ಳುತ್ತಾರೆ. ನಿಂತಿರುವವರಿಗೆ ಮಾತ್ರ ಯಾವಾಗ ಬಸ್ ಬಂದೀತು ಎಂದಷ್ಟೇ ಅನ್ನಿಸುತ್ತದೆ. ಇದನ್ನು ಹುಡುಗರ ಗುಂಪಿನಲ್ಲಿ ಯಾರೂ ಹೇಳುವುದಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಈಗ ನನ್ನ ಗೆಳೆಯರ ಪ್ರಶ್ನೆ. ನಗರದಲ್ಲಿ ಸದ್ದು ಮಾಡುವವರು ನಾವು ಮಾತ್ರವೇ? ಹಾರ್ನ್ ಇಲ್ಲವೇ, ಪಟಾಕಿ ಇಲ್ಲವೇ, ಡಿಜೆ ಇಲ್ಲವೇ, ಚುನಾವಣೆಯ ಮೈಕ್ ಇಲ್ಲವೇ? ಇದೆ, ಎಲ್ಲವೂ ಇದೆ. ಜೋರು ಸೈಲೆನ್ಸರ್ ಹಾಕಿದ ಬೈಕುಗಳು ಬಸವೇಶ್ವರನಗರದಲ್ಲೂ ಇವೆ, ಕೆಂಗೇರಿಯಲ್ಲೂ ಇವೆ; ಎಲ್ಲ ಜಾತಿ ಧರ್ಮದ ಹುಡುಗರ ಹತ್ತಿರವೂ ಇವೆ. ಆದರೆ ನಮ್ಮ ಬೀದಿಯ ಹುಡುಗ ಸದ್ದು ಮಾಡಿದಾಗ ಅವನ ಹೆಸರು ಯಾರಿಗೂ ಬೇಕಾಗುವುದಿಲ್ಲ. ಆ ಏರಿಯಾದವರೇ ಹಾಗೆ ಎಂದು ಒಂದೇ ಮಾತಿನಲ್ಲಿ ಇಡೀ ಬಡಾವಣೆಗೆ ಮುದ್ರೆ ಒತ್ತುತ್ತಾರೆ. ಬಸ್ಸಿನಲ್ಲಿ, ಟ್ಯೂಷನ್ನಿನಲ್ಲಿ ನಾನೇ ಇದನ್ನು ಕೇಳಿದ್ದೇನೆ. ಇದು ಅನ್ಯಾಯ. ಒಬ್ಬನ ತಪ್ಪಿಗೆ ಒಂದು ಸಮುದಾಯ ಉತ್ತರ ಕೊಡಬೇಕಾಗಿಲ್ಲ. ಈ ಮಾತನ್ನು ನಾವು ಗಟ್ಟಿಯಾಗಿ ಹೇಳಬೇಕು. ಆದರೆ ಗಟ್ಟಿಯಾಗಿ ಹೇಳಬೇಕಾದರೆ ನಮ್ಮ ಮಾತು ಕೇಳಿಸಬೇಕು. ಬ್ಯಾಫಲ್ ಇಲ್ಲದ ಬೈಕಿನ ಮೇಲೆ ಕೂತು ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ. ವ್ಯಾಪಾರದಲ್ಲಿ ಗುಡ್‌ವಿಲ್ ಎಂಬ ಕಣ್ಣಿಗೆ ಕಾಣದ ಸ್ವತ್ತು ಇರುತ್ತದೆ. ಗಳಿಸಲು ವರ್ಷಗಳು ಬೇಕು. ನಮ್ಮ ಅಜ್ಜಂದಿರು, ಅಬ್ಬಾಗಳು ಈ ನಗರದಲ್ಲಿ ಗ್ಯಾರೇಜ್, ಅಂಗಡಿ, ವರ್ಕ್‌ಶಾಪ್ ನಡೆಸಿ ಅದನ್ನು ಗಳಿಸಿದ್ದಾರೆ. ಅದನ್ನು ಖರ್ಚು ಮಾಡುವ ಹಕ್ಕು ಒಂದು ಪೈಪಿಗೆ ಇಲ್ಲ.

ಹಿರಿಯರಿಗೂ ಅಧಿಕಾರಿಗಳಿಗೂ ಹೇಳಬೇಕಾದ ಮಾತೊಂದಿದೆ. ಕಿತ್ತ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ಪೊಲೀಸರು ರೋಲರ್ ಹರಿಸುವ ಫೋಟೊ ರಾಜ್ಯದ ಹಲವು ಊರುಗಳಿಂದ ಪತ್ರಿಕೆಗಳಲ್ಲಿ ಬರುತ್ತದೆ. ನೋಡಲು ಚೆನ್ನಾಗಿರುತ್ತದೆ. ಆದರೆ ಆ ಸೈಲೆನ್ಸರ್ ಹುಡುಗನ ಮನೆಯಲ್ಲಿ ತಯಾರಾದದ್ದಲ್ಲ. ಯಾರೋ ತಯಾರಿಸಿದರು, ಯಾರೋ ಅಂಗಡಿಯಲ್ಲಿ ನೇತುಹಾಕಿದರು, ಯಾರೋ ವೆಲ್ಡಿಂಗ್ ಮಾಡಿ ಕೂರಿಸಿದರು. ಈ ಮೂವರಿಗೂ ಲಾಭ ಸಿಕ್ಕಿತು. ದಂಡ ಕಟ್ಟಿದ್ದು ನಾಲ್ಕನೆಯವನು. ಹುಡುಗನನ್ನು ಹಿಡಿಯುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಹಿಡಿಯುವುದು ಅವನಲ್ಲಿಗೇ ನಿಂತರೆ ಮರುದಿನ ಅದೇ ಅಂಗಡಿಯಿಂದ ಇನ್ನೊಂದು ಸೈಲೆನ್ಸರ್ ಹೊರಗೆ ಬರುತ್ತದೆ.

ಎರಡನೆಯದು, ಹಳೆ ಗಾಡಿ ಇಟ್ಟುಕೊಂಡವರ ನಿಜವಾದ ಕಷ್ಟ. ತಯಾರಿಕೆ ನಿಂತು ಇಷ್ಟು ವರ್ಷವಾದ ಮೇಲೆ ಒರಿಜಿನಲ್ ಸೈಲೆನ್ಸರ್ ಸಿಗುವುದು ಸುಲಭವಲ್ಲ. ತುಕ್ಕು ಹಿಡಿದು ತೂತು ಬಿದ್ದರೆ ಜೆ.ಸಿ. ರಸ್ತೆಯ ಅಂಗಡಿಗಳನ್ನೋ ಶಿವಾಜಿನಗರದ ಗುಜರಿಯನ್ನೋ ಹುಡುಕಬೇಕು. ಸಿಗುವುದರಲ್ಲಿ ಕೆಲವು ಅಚ್ಚುಕಟ್ಟಾಗಿರುತ್ತವೆ, ಕೆಲವು ಹೊರಗೆ ಹೊಳೆಯುತ್ತವೆ, ಒಳಗೆ ಖಾಲಿ. ಇಂಥವರನ್ನೂ ಮೋಜಿಗಾಗಿ ಬ್ಯಾಫಲ್ ಕಿತ್ತವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಳೆ ಮಾಡೆಲ್‌ಗಳಿಗೆ ಪರೀಕ್ಷೆ ಮಾಡಿ ಒಪ್ಪಿಗೆ ಮುದ್ರೆ ಹಾಕಿದ ಸೈಲೆನ್ಸರ್ ಸಿಗುವ ವ್ಯವಸ್ಥೆ ಆದರೆ ಕೊಳ್ಳುವವರಿಗೂ ನೆಮ್ಮದಿ, ಪೊಲೀಸರಿಗೂ ಸುಲಭ.

ಟೂ ಸ್ಟ್ರೋಕ್ ಗಾಡಿ ಹೊಗೆ ಬಿಡುತ್ತದೆ ಎಂಬುದೂ ನಿಜ. ಹೊಗೆಯ ನಿಯಮಗಳು ಬಿಗಿಯಾದಂತೆ ಆ ಎಂಜಿನ್‌ಗಳು ಬೈಕುಗಳಿಂದ ಮಾಯವಾದವು. ಹಾಗಿದ್ದರೂ ಹದಿನೈದು ವರ್ಷ ದಾಟಿದ ಗಾಡಿಗೆ ಪರೀಕ್ಷೆ ಮಾಡಿಸಿ ನೋಂದಣಿ ನವೀಕರಿಸಿಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ. ಆ ಅವಕಾಶ ಉಳಿಯಬೇಕು ಎಂದು ಹಳೆ ಬೈಕಿನ ಅಭಿಮಾನಿಗಳೆಲ್ಲರ ಆಸೆ. ಪ್ರತಿಯೊಂದು ಕಿರುಚುವ ಆರ್‌ಎಕ್ಸ್, ಈ ಹಳೆ ಗಾಡಿಗಳನ್ನೇ ನಿಷೇಧಿಸಿ ಎನ್ನುವವರ ಕೈಗೆ ಒಂದು ಕಾರಣವನ್ನು ಕೊಡುತ್ತದೆ. ಮಾಮುವಿನಂತೆ ಎಮಿಷನ್ ಟೆಸ್ಟ್ ಮಾಡಿಸಿ, ಒಳ್ಳೆಯ ಆಯಿಲ್ ಹಾಕಿ, ಜೋಪಾನವಾಗಿ ಇಟ್ಟುಕೊಂಡವರಿಗೆ ಅದರಿಂದ ತೊಂದರೆ.

ಹಾಗಾಗಿ ನನ್ನ ಕೋರಿಕೆಗಳು ಮೂರು. ಕಾಲೇಜಿನವರಿಗೆ: ಎನ್‌ಎಸ್‌ಎಸ್ ಘಟಕದಿಂದ ಒಂದು ಶನಿವಾರ ಒಳ್ಳೆಯ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಬ್ಯಾಫಲ್ ತೆಗೆದು ಶುಚಿ ಮಾಡಿ ಮತ್ತೆ ಹಾಕುವುದನ್ನು ತೋರಿಸಿ. ನೋಟಿಸ್ ಬೋರ್ಡಿನ ಎಚ್ಚರಿಕೆಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಮೆಕ್ಯಾನಿಕ್ ಅಣ್ಣಂದಿರಿಗೆ: ಹುಡುಗ ಬಂದು ಓಪನ್ ಮಾಡಿಕೊಡಿ ಎಂದರೆ ಆಗುವುದಿಲ್ಲ ಎನ್ನಿ. ನಿಮ್ಮ ಮಾತನ್ನು ನಾವು ಮನೆಯವರ ಮಾತಿಗಿಂತ ಬೇಗ ಕೇಳುತ್ತೇವೆ. ಗೆಳೆಯರಿಗೆ: ಹದಿನೆಂಟು ತುಂಬಲಿ, ಲೈಸೆನ್ಸ್ ಬರಲಿ, ಅಲ್ಲಿಯವರೆಗೆ ಬಸ್ಸಿದೆ, ಮೆಟ್ರೊ ಇದೆ. ಮನೆಯ ಹಳೆ ಗಾಡಿ ನಿಮ್ಮ ಕೈಗೆ ಬಂದ ದಿನ ಅದರ ದನಿಯನ್ನು ಬಂದ ಹಾಗೆಯೇ ಉಳಿಸಿಕೊಳ್ಳಿ. ಮೂವತ್ತು ವರ್ಷ ಅದನ್ನು ಕಾಪಾಡಿದವರು ನಿಮಗೆ ಕೊಟ್ಟಿರುವುದು ಅದನ್ನೇ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿ